ಟಚಿಂಗ್ ಮಾಮ ಅಕ್ಕನ ಮುಖ ಬರೆದದ್ದು

ಜನ ವರ್ಷಗಟ್ಟಲೆ ಕಷ್ಟಪಟ್ಟು ಮುಖದ ಮೇಲೆ ಸಂಪಾದಿಸಿಕೊಂಡ ಗೆರೆಗಳನ್ನು ಪೆನ್ಸಿಲ್ ಹಿಡಿದು ಇಲ್ಲವಾಗಿಸುವುದೂ ಒಂದು ಕಸುಬಾಗಿತ್ತು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಅದಕ್ಕೆ ಟಚಿಂಗ್ ಎನ್ನುತ್ತಿದ್ದರು, ನಮ್ಮ ಟಚಿಂಗ್ ಮಾಮ ಅದೇ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಫೋಟೋ ಸ್ಟುಡಿಯೋದ ಮಹಡಿಯ ಮೇಲೆ, ಕಿಟಕಿಯ ಎದುರಿಗೆ, ಅವನದೊಂದು ಓರೆ ಮೇಜು. ಮೇಜಿನ ನಡುವೆ ಮಬ್ಬು ಗಾಜು, ಗಾಜಿನ ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಮೇಲಕ್ಕೆ ಏರುತ್ತಿತ್ತು. ಅದರ ಮೇಲೆ ನೆಗೆಟಿವ್ ಇಟ್ಟರೆ ಊರಿನ ಗಣ್ಯರೆಲ್ಲ ಕರಿ ಮುಖ, ಬಿಳಿ ಕೂದಲು, ಬಿಳಿ ಮೀಸೆ ಹೊತ್ತುಕೊಂಡು ದೆವ್ವಗಳಂತೆ ಅವನನ್ನೇ ನೋಡುತ್ತಿದ್ದರು.

ಪೆನ್ಸಿಲ್ಲಿನ ಮೊನೆಯನ್ನು ಮರಳುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಷ್ಟು ಚೂಪು ಮಾಡಿಕೊಳ್ಳಬೇಕು. ನೆಗೆಟಿವ್‌ನಲ್ಲಿ ಹಣೆಯ ಗೆರೆ ತಿಳಿಯಾಗಿ ಕಾಣುತ್ತದಲ್ಲ, ಅದರೊಳಗೆ ಉಸಿರು ಬಿಗಿಹಿಡಿದು ಸಣ್ಣ ಸಣ್ಣ ಸುತ್ತು ಹಾಕುತ್ತಾ ಹೋಗಬೇಕು. ಅಚ್ಚಾಗಿ ಬಂದ ಫೋಟೋದಲ್ಲಿ ಆ ಗೆರೆ ಮಂಗಮಾಯ! ಹಲ್ಲುನೋವು, ನಿದ್ದೆಗೇಡು, ಮನೆಯ ಜಗಳ ಎಲ್ಲ ಅಳಿಸಿಹೋಗಿ, ಗಿರಾಕಿ ಆಗತಾನೆ ಹುಟ್ಟಿ ಬಂದವನ ಹಾಗೆ ಹೊಳೆಯುತ್ತಿದ್ದ. ಜನ ಮಹಡಿ ಹತ್ತಿ ಬಂದು ಗುಟ್ಟಾಗಿ ಕೇಳಿಕೊಳ್ಳುತ್ತಿದ್ದರು.

“ಮಾಮ, ಈ ಕಣ್ಣಿನ ಕೆಳಗಿನ ಚೀಲ ಒಂದು ತೆಗೆದುಬಿಡಿ.”

“ತೆಗೀತೀನಿ. ತೆಗೆದಿದ್ದನ್ನ ಮನೆಗೆ ತಗೊಂಡು ಹೋಗ್ತೀರಾ, ಇಲ್ಲೇ ಬಿಟ್ಟು ಹೋಗ್ತೀರಾ?”

ಆ ಸ್ಟುಡಿಯೋ ಹೇಗಿತ್ತು ಅಂತೀರಿ! ಕೆಳಗಡೆ ಎಲ್ಲಿಗೂ ಹೋಗದ ಮೆಟ್ಟಿಲುಗಳನ್ನು ಬರೆದ ದೊಡ್ಡ ಪರದೆ, ಕೂತರೆ ಕಿರ್ರೆನ್ನುವ ಸ್ಟೂಲು, ಗೋಡೆಗನ್ನಡಿಯ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಗೆ. ಆ ಬಾಚಣಿಗೆ ಕಂಡ ತಲೆಗಳಿಗೆ ಲೆಕ್ಕವೇ ಇಲ್ಲ. “ಸ್ವಲ್ಪ ನಗಿ” ಎಂದು ಮಾಲೀಕರು ಹೇಳುವುದು, ಗಿರಾಕಿ ಹಲ್ಲು ಕಿಸಿದೊಡನೆ “ಅಷ್ಟೊಂದು ಬೇಡ” ಎಂದು ಗದರುವುದು, ಮಹಡಿಯ ಮೇಲೆ ಕೂತ ಮಾಮನಿಗೆ ದಿನವಿಡೀ ಕೇಳುತ್ತಿತ್ತು. ಕೆಲಸ ರಕ್ತಕ್ಕೇ ಇಳಿದುಬಿಟ್ಟಿತ್ತು ಅವನಿಗೆ. ಬಸ್ಸಿನಲ್ಲಿ ಎದುರಿಗೆ ಯಾರಾದರೂ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರೆ ಮಾಮನ ಬೆರಳು ತಂತಾನೇ ತೊಡೆಯ ಮೇಲೆ ಸುತ್ತು ಹಾಕಲು ಶುರು. ಅವರ ಹುಬ್ಬಿನ ಗಂಟು ಬಿಡಿಸುವವರೆಗೆ ಅವನಿಗೆ ಸಮಾಧಾನವಿಲ್ಲ.

ಅವನದು ಮುಖದ ಕಸುಬಾದರೆ ಅಕ್ಕನದು ದನಿಯ ಕಸುಬು. ತಾಯಿ ಬೇಗ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಹೊಡೆದು ಬಡಿದು ಸಾಕಿದವಳು ಅಕ್ಕ. ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್. ತೂತುಗಳೇ ತುಂಬಿದ ಬೋರ್ಡಿನ ಮುಂದೆ, ಕಿವಿಗೊಂದು ಬಾಯಿಗೊಂದು ಕಟ್ಟಿಕೊಂಡು ಕೂತು, ಸಣ್ಣ ದೀಪ ಹತ್ತಿದ ಕಡೆ ವೈರಿನ ತುದಿ ಚುಚ್ಚಿ “ನಂಬರ್ ಹೇಳಿ” ಎಂದರೆ ಊರಿಗೆ ಊರೇ ನೆಟ್ಟಗೆ ಕೂರುತ್ತಿತ್ತು. ಅವಳ ದನಿ ಗೊತ್ತಿಲ್ಲದವರಿರಲಿಲ್ಲ, ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಆದರೂ ಅಕ್ಕ ಡ್ಯೂಟಿಗೆ ಹೊರಡುವಾಗ ಸೀರೆಯ ನೆರಿಗೆ ಒಂದಿಷ್ಟೂ ಅತ್ತಿತ್ತ ಆಗುವಂತಿಲ್ಲ, ಜಡೆಯಿಂದ ಒಂದು ಕೂದಲು ಈಚೆ ಬರುವಂತಿಲ್ಲ.

“ಯಾರು ನೋಡ್ತಾರೆ ಅಂತ ಇಷ್ಟು ಶೃಂಗಾರ?” ಎಂದು ಮಾಮ ಕೆಣಕುತ್ತಿದ್ದ.

“ನಾನು ನೋಡ್ಕೊತೀನಲ್ಲೋ ಪುಟ್ಟ, ಸಾಲ್ದಾ?”

ಸಂಜೆ ಮನೆಗೆ ಬಂದರೆ ಅಕ್ಕನದು ಒಂದು ದೊಡ್ಡ ಆಟ. ಫೋನಿನಲ್ಲಿ ಜನ “ಹಲೋ” ಎಂದ ಬಗೆಯನ್ನೆಲ್ಲ ಅನುಕರಿಸಿ ತೋರಿಸುತ್ತಿದ್ದಳು. ಹೆಂಡತಿಗೆ ಹೆದರುವವನ ಹಲೋ, ಒಳಗೊಳಗೇ ಅಳುತ್ತಿರುವವಳ ಹಲೋ, ಮಗು ಹುಟ್ಟಿದ ಸುದ್ದಿ ಬಾಯಿ ತುಂಬ ಇಟ್ಟುಕೊಂಡು ಲೈನ್ ಸಿಗದೆ ಒದ್ದಾಡುವವನ ಹಲೋ. ಏನು ಮಾತಾಡಿದರು ಎನ್ನುವುದನ್ನು ಮಾತ್ರ ಯಾವತ್ತೂ ಬಾಯಿಬಿಡುತ್ತಿರಲಿಲ್ಲ, ಅದರಲ್ಲಿ ಅವಳು ಬಲು ಬಿಗಿ. ಮಾಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಇಬ್ಬರಿಗೂ ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಕ್ಕ “ಲೈನ್ ಸಿಗ್ಲಿಲ್ಲ” ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಒಂದು ಸಲ ಆಫೀಸಿನವರು ಎಲ್ಲರಿಗೂ ಫೋಟೋ ಅಂಟಿಸಿದ ಪಾಸು ಕೊಡುತ್ತೇವೆಂದರು. ಅಕ್ಕನ ಫೋಟೋ ಎಂದ ಮೇಲೆ ಮಾಮ ಬಿಡುತ್ತಾನೆಯೇ? ಪೆನ್ಸಿಲ್ ಚೂಪು ಮಾಡಿಕೊಂಡು ಕೂತವನು ಹುಬ್ಬಿನ ನಡುವಿನ ಗೆರೆ ತೆಗೆದ, ಕೆನ್ನೆಯ ಗುಳಿ ತುಂಬಿಸಿದ, ಮೂಗನ್ನು ಒಂದಿಷ್ಟು ಸಪೂರ ಮಾಡಿದ, ಸಾಲದೆಂದು ತುಟಿಯನ್ನೂ ತಿದ್ದಿದ. ಫೋಟೋ ಸಿನಿಮಾ ನಟಿಯ ಹಾಗಾಯಿತು. ಮಾರನೇ ದಿನ ಆಫೀಸಿನ ಗೇಟಿನಲ್ಲಿ ಹೊಸ ಕಾವಲುಗಾರ ಪಾಸು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಪಾಸು ನೋಡಿದ. “ಇವರನ್ನೇ ಕಳಿಸಿ ಅಮ್ಮ, ನೀವ್ಯಾಕೆ ಬಂದ್ರಿ?” ಎಂದು ಒಳಗೇ ಬಿಡಲಿಲ್ಲ!

ಅಕ್ಕ ನೇರ ಸ್ಟುಡಿಯೋಗೆ ಬಂದಳು. ಮಹಡಿ ಹತ್ತುವ ಸದ್ದಿಗೇ ಮಾಮನಿಗೆ ಜೀವ ಬಾಯಿಗೆ ಬಂತು. “ಯಾರೋ ಇವಳು? ನನ್ನ ಪಾಸಿನಲ್ಲಿ ಬಂದು ಕೂತಿದ್ದಾಳೆ! ನನ್ನ ಮುಖ ನನಗೆ ವಾಪಸ್ ಕೊಡೋ” ಎಂದು ಪಾಸನ್ನು ಮೇಜಿನ ಮೇಲೆ ಬಡಿದಳು. ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. ಕೆಳಗಿದ್ದ ಮಾಲೀಕರು ಏನಾಯಿತೋ ಎಂದು ಹತ್ತಿ ಬಂದು, ವಿಷಯ ತಿಳಿದು, ಅವರೂ ಮೆಟ್ಟಿಲ ಮೇಲೆ ಕುಸಿದು ನಕ್ಕರು. ಎಂಥ ದಿನಗಳು ಅವು! ಈಗ ನೆನೆದರೆ ಆ ಮಹಡಿಯ ಬಿಸಿಲು ಕೂಡ ಮೈಗೆ ತಾಗಿದ ಹಾಗಾಗುತ್ತದೆ ಎಂದು ಮಾಮ ಹೇಳುತ್ತಿದ್ದ.

ಮುಂದೆ ಆಪರೇಟರ್ ಬೇಡದ ಫೋನು ಬಂತು, ಪೆನ್ಸಿಲ್ ಬೇಡದ ಫೋಟೋ ಬಂತು. ಅಕ್ಕನನ್ನು ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಮಾಮನ ಓರೆ ಮೇಜನ್ನು ಸ್ಟುಡಿಯೋ ಕೊಂಡವರು ಮೂಲೆಗೆ ತಳ್ಳಿದರು. ಇಬ್ಬರೂ ಬೇಜಾರು ಮಾಡಿಕೊಂಡರು, ಬೈದುಕೊಂಡರು, ಆಮೇಲೆ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಹಾಯಾಗಿ ಮುದುಕರಾದರು. ಹಾಗೆಯೇ ಇದ್ದುಬಿಟ್ಟಿದ್ದರೆ ನಾನು ಈ ಕತೆ ಹೇಳುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಹಾಲಿನ ಪಾತ್ರೆ ಎತ್ತಲು ಹೋಗಿ, ಎತ್ತಲಾರದೆ, ಕೈಯನ್ನೇ ನೋಡುತ್ತಾ ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ.

ಲಕ್ವ ಎಂದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಬಾಯಿ ಒಂದು ಕಡೆಗೆ ಜೋತುಬಿತ್ತು. ದನಿಯಿಂದ ಊರನ್ನೇ ಆಳಿದವಳ ಬಾಯಲ್ಲಿ ಈಗ ಒಂದು ‘ಅ’ ಮಾತ್ರ ಉಳಿದಿತ್ತು. ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಸೇರಿದ್ದ ಒಂದೇ ವಾರ್ಡಿನಲ್ಲಿ, ಗೋಡೆ ಬದಿಯ ಮಂಚದಲ್ಲಿ ಮಲಗಿಸಿದರು. ಮಾಮ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಆ ಮಂಚದ ಪಕ್ಕದ ಕಬ್ಬಿಣದ ಸ್ಟೂಲೇ ಅವನ ಮನೆ. ನೋವಿದೆಯಾ ಅಂದರೂ ಅವಳು ತಲೆಯಾಡಿಸುತ್ತಿದ್ದಳು, ಇಲ್ಲವಾ ಅಂದರೂ ಅದೇ ತಲೆಯಾಟ. ಅವಳಿಗೆ ಹೌದು ಅಲ್ಲಗಳೇ ಒಂದಕ್ಕೊಂದು ಬೆರೆತುಹೋಗಿವೆ ಎಂದು ಡಾಕ್ಟರು ಹೇಳಿದರು.

ವಾರ್ಡಿನ ಸಿಸ್ಟರ್ ಒಳ್ಳೆಯ ಹೆಣ್ಣುಮಗಳು. ಮಾತು ಬಾರದವರಿಗಾಗಿ ಒಂದು ರಟ್ಟು ಇಟ್ಟುಕೊಂಡಿದ್ದಳು. ಅದರ ಮೇಲೆ ಸಾಲಾಗಿ ದುಂಡು ಮುಖಗಳು, ಮೊದಲನೆಯದು ನಗುತ್ತದೆ, ಕೊನೆಯದು ಗೊಳೋ ಎನ್ನುತ್ತದೆ. ನಿಮ್ಮ ನೋವು ಎಷ್ಟೋ ಆ ಮುಖಕ್ಕೆ ಬೆರಳಿಡಿ ಅಂತ. ಎದುರು ಮಂಚದಲ್ಲಿ ಹೀಗೇ ಮಾತು ಬಿದ್ದುಹೋದ ಬಡಗಿಯೊಬ್ಬನಿದ್ದ, ಅವನು ಅದನ್ನು ನೋಡಿ ಮುಖ ಸಿಂಡರಿಸಿ ಅತ್ತ ತಿರುಗಿದ. ಅಕ್ಕ ನೋಡಲೇ ಇಲ್ಲ. ಮಾಮನಿಗಂತೂ ಮೈ ಉರಿದುಹೋಯಿತು.

“ಇದು ಮುಖವಾ ಸಿಸ್ಟರ್? ತಟ್ಟೆಗೆ ಕಣ್ಣು ಬರೆದು ಇಟ್ಟಿದ್ದಾರೆ! ಬಾಳಿ ಬದುಕಿದ ಜನಕ್ಕೆ ಇದನ್ನ ತೋರಿಸಿದ್ರೆ ಬೆರಳಿಡ್ತಾರಾ?”

“ಹಾಗಾದ್ರೆ ನೀವೇ ಬರೀರಿ ಮಾಮ. ಮುಖ ಬರೆಯೋರನ್ನೇ ಹುಡುಕ್ಕೊಂಡು ಒಬ್ಬಳು ಹುಡುಗಿ ನಮ್ಮಲ್ಲಿಗೆ ಬರ್ತಿದ್ದಾಳೆ” ಎಂದಳು ಸಿಸ್ಟರ್.

ಆ ಹುಡುಗಿಯದು ಕಂಪ್ಯೂಟರ್ ಕೆಲಸ. ಕೈಯಲ್ಲಿ ಯಾವಾಗಲೂ ಟ್ಯಾಬು, ಆದ್ದರಿಂದ ವಾರ್ಡಿನಲ್ಲಿ ಅವಳು ಟ್ಯಾಬ್ ಹುಡುಗಿ. ಅದರಲ್ಲಿ ಒಂದು ಮುಖ ಮಾಡಿಟ್ಟಿದ್ದಳು. ಬೆರಳು ಎಳೆದರೆ ಹುಬ್ಬು ಕೂಡುತ್ತದೆ, ರೆಪ್ಪೆ ಬಿಗಿಯುತ್ತದೆ, ತುಟಿ ಇಳಿಯುತ್ತದೆ. ನೋವು, ಭಯ, ದುಃಖ, ನೆಮ್ಮದಿ, ಯಾವುದು ಬೇಕೋ ಅದು, ಎಷ್ಟು ಬೇಕೋ ಅಷ್ಟು. ಮಾತಾಡಲಾರದವರು ಬೆರಳಿನಲ್ಲೇ ಆ ಮುಖವನ್ನು ತಮ್ಮ ಒಳಗಿನ ಹಾಗೆ ಮಾಡಿ ತೋರಿಸಿದರೆ ಡಾಕ್ಟರಿಗೆ ತಿಳಿಯುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿತ್ತು, ಮುಖ ಮಾತ್ರ ಗೊಂಬೆಯದಾಗಿತ್ತು. ಅದಕ್ಕೇ ಮನುಷ್ಯರ ಮುಖ ಬಲ್ಲವರು ಅವಳಿಗೆ ಬೇಕಿತ್ತು.

ಔಷಧದ ಡಬ್ಬಗಳ ಕೋಣೆಯಲ್ಲಿ ಇಬ್ಬರೂ ಕೂತರು. ಜನ್ಮವಿಡೀ ಗೆರೆ ತೆಗೆದವನು ಈಗ ಗೆರೆ ಹಾಕಬೇಕು. ಮೊದಲ ದಿನ ಮಾಮ ಬಹಳ ಜಂಬದಿಂದ ನೋವಿನ ಮುಖ ಒಂದು ಬರೆದುಕೊಟ್ಟ. ಹುಡುಗಿ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

“ಬೇಜಾರು ಮಾಡ್ಕೋಬೇಡಿ ಮಾಮ. ಇವರು ನೋವು ಪಡ್ತಾ ಇಲ್ಲ, ಫೋಟೋ ತೆಗೆಸ್ಕೊಳ್ತಾ ಇದ್ದಾರೆ.”

ಮಾಮ ಕನ್ನಡಕ ಏರಿಸಿ ನೋಡಿದ. ಅಯ್ಯೋ, ನಿಜ! ಹಾಕಿದ ಗೆರೆಯನ್ನೆಲ್ಲ ಅವನ ಬೆರಳು ಅವನಿಗೇ ತಿಳಿಯದಂತೆ ಜೊತೆಜೊತೆಗೇ ತೀಡಿ ನುಣುಪು ಮಾಡಿಬಿಟ್ಟಿತ್ತು. ಇನ್ನೊಂದು ಬರೆದ, ಅದೂ ಹಾಗೇ. “ಕೈ ಕಟ್ಟಿಹಾಕ್ಕೊಂಡು ಬರೀಬೇಕೇನಮ್ಮ ನಾನು?” ಎಂದು ಪೆನ್ಸಿಲ್ ಎಸೆದ. ಹುಡುಗಿ ಅದನ್ನು ಎತ್ತಿಕೊಟ್ಟಳು. ಅಳಿಸದೆ ಬಿಡುವುದನ್ನು ಕಲಿಯಲು ಮುದುಕನಿಗೆ ದಿನಗಳೇ ಹಿಡಿದವು. ಬರಬರುತ್ತಾ ಇಬ್ಬರಿಗೂ ರುಚಿ ಹತ್ತಿತು. ಬಿಳಿಚಿಕೊಂಡ ಮುಖ ಒಂದು, ಊದಿಸಿಕೊಂಡ ಮುಖ ಒಂದು, ಸಣ್ಣಗೆ ಮಾಡಿಕೊಂಡ ಮುಖ, ಹುಳ್ಳಗಾದ ಮುಖ, ಅರಳಿದ ಮುಖ, ಜನರ ಮಾತಿನಲ್ಲಿ ಬರುವ ಮುಖಗಳನ್ನೆಲ್ಲ ಮಾಮ ಕಾಗದಕ್ಕಿಳಿಸಿದ, ಹುಡುಗಿ ಟ್ಯಾಬಿಗೇರಿಸಿದಳು. ಬಡಗಿ ಬೆರಳು ಎಳೆದೆಳೆದು ಮುಖವನ್ನು ನೋವಿನ ತುದಿಗೆ ತಂದು ನಿಲ್ಲಿಸಿ, ಸೊಂಟ ಮುಟ್ಟಿ ತೋರಿಸಿದ. ಬೆನ್ನಿನ ಕೆಳಗೆ ಹುಣ್ಣಾಗಿದ್ದು ಅವತ್ತು ಗೊತ್ತಾಯಿತು. ಸಿಸ್ಟರ್ ಕಣ್ಣೊರೆಸಿಕೊಂಡಳು. ಮಾಮ ಎದೆಯುಬ್ಬಿಸಿ ಅಕ್ಕನ ಮಂಚದ ಕಡೆ ಬಂದ.

ಹುಡುಗಿ ಟ್ಯಾಬನ್ನು ಅಕ್ಕನ ಮುಂದೆ ಹಿಡಿದು ಚಾಲೂ ಮಾಡುವಷ್ಟರಲ್ಲೇ ಅಕ್ಕ ಎಡಗೈಯಿಂದ ಅದನ್ನು ರಪ್ಪನೆ ತಳ್ಳಿದಳು. ಹುಡುಗಿ ಹಿಡಿಯದಿದ್ದರೆ ನೆಲಕ್ಕೆ ಬಿದ್ದು ಚೂರಾಗುತ್ತಿತ್ತು. ಯಂತ್ರ ಹಿಡಿಸಲಿಲ್ಲವೇನೋ ಎಂದುಕೊಂಡರು. ಕಾಗದದ ಮೇಲೆ ತೋರಿಸಿದರು, ಅದಕ್ಕೂ ಕಣ್ಣು ಮುಚ್ಚಿದಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅವತ್ತಿನಿಂದ ಅಕ್ಕ ಊಟ ಬಿಟ್ಟಳು. ಅದಕ್ಕೆ ಮುಂಚೆ ಅರ್ಧ ಬಟ್ಟಲು ಗಂಜಿಯಾದರೂ ಇಳಿಯುತ್ತಿತ್ತು. ಈಗ ಚಮಚ ಹತ್ತಿರ ಬಂದರೆ ಸಾಕು, ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಸಿಸ್ಟರ್ ಪುಸಲಾಯಿಸಿದಳು, ಮಾಮ ಬೇಡಿಕೊಂಡ, ಬೈದ, ಅತ್ತ. ಊಹುಂ, ಆ ತುಟಿ ಪಿಟಕ್ಕೆನ್ನಲಿಲ್ಲ.

ಡಾಕ್ಟರು ನೋಡಿದರು. “ನುಂಗೋಕೆ ಏನೂ ತೊಂದರೆ ಇಲ್ಲ. ಮನಸ್ಸು ಕುಗ್ಗಿರಬೇಕು. ಮೈಯಲ್ಲಿ ಶಕ್ತಿಯೇ ಉಳೀತಾ ಇಲ್ಲ, ನಾಳೆಯೂ ತಿನ್ನದಿದ್ರೆ ಮೂಗಿನಿಂದ ನಳಿಗೆ ಹಾಕ್ಬೇಕಾಗುತ್ತೆ. ಈ ಸ್ಥಿತಿಯಲ್ಲಿ ಅವರು ಅದನ್ನ ಕಿತ್ತುಹಾಕ್ಕೊಂಡ್ರೆ ಕೈ ಕಟ್ಟಬೇಕಾಗುತ್ತೆ” ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಮಾಮ ಮಾತ್ರ ಅಕ್ಕನ ಎಡಗೈ ಹಿಡಿದುಕೊಂಡ. ಅಕ್ಕನಿಗೆ ಉಳಿದಿರುವುದೇ ಒಂದು ಕೈ. ಅದನ್ನೂ ಕಟ್ಟುವುದೇ?

ಆ ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಳು. ಮಾಮ ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಅವಳ ಎದುರಿಗೇ ಕೂತ. ಯಾರ್ಯಾರದೋ ಮುಖ ಬರೆದು ಇದರಲ್ಲಿ ನಿನ್ನನ್ನು ಹುಡುಕಿಕೋ ಎಂದರೆ ಅವಳು ಎಲ್ಲಿ ಹುಡುಕಿಯಾಳು, ಅವಳದನ್ನೇ ಬರೆದುಕೊಟ್ಟರೆ ಏನಾದರೂ ತೋರಿಸಿಯಾಳು ಎಂಬ ಆಸೆ ಅವನಿಗೆ. ಹಣೆ ಬರೆದ, ಹುಬ್ಬಿನ ನಡುವಿನ ಗೆರೆ ಬರೆದ. ಬೆರಳು ತೀಡಲು ಹೋಯಿತು, ತಡೆದುಕೊಂಡ. ಒಳಕ್ಕೆ ಹೋದ ಕೆನ್ನೆ ಬರೆದ. ಬಾಯಿಗೆ ಬಂದಾಗ ಪೆನ್ಸಿಲ್ ಮತ್ತೊಮ್ಮೆ ಚೂಪು ಮಾಡಿಕೊಂಡ. ಜೋತ ತುಟಿ, ಅದರ ಮೂಲೆಯಲ್ಲಿ ಇಳಿದ ಜೊಲ್ಲು, ಇದ್ದದ್ದನ್ನು ಇದ್ದ ಹಾಗೇ ಬರೆದ. ಅಷ್ಟು ಹೊತ್ತು ಅವನು ಅವಳ ಮುಖವನ್ನು ಎಂದೂ ನೋಡಿರಲಿಲ್ಲ, ಮತ್ತು ಅಷ್ಟು ಇಷ್ಟವಾಗಿ ಯಾವ ಮುಖವನ್ನೂ ಬರೆದಿರಲಿಲ್ಲ. ಮುಗಿಸಿ ಅವಳಿಗೆ ತೋರಿಸಿದ.

ಅಕ್ಕ ಈ ಸಲ ಕಣ್ಣು ಮುಚ್ಚಲಿಲ್ಲ. ಬಹಳ ಹೊತ್ತು ನೋಡಿದಳು. ಎಡಗೈ ಚಾಚಿದಳು. ಪೆನ್ಸಿಲ್ ಬೇಕೆಂದು ತಿಳಿದು ಕೊಟ್ಟ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಚಿತ್ರದ ಬಾಯಿಯ ಮೇಲೆ ಗೀಚಿದಳು, ಮತ್ತೆ ಗೀಚಿದಳು, ಕಾಗದ ಹರಿಯುವವರೆಗೆ ಗೀಚಿದಳು. ಹಣೆ ಮುಟ್ಟಲಿಲ್ಲ, ಕಣ್ಣು ಮುಟ್ಟಲಿಲ್ಲ. ಬಾಯೊಂದನ್ನೇ ಕಪ್ಪು ಮಾಡಿ ಪೆನ್ಸಿಲ್ ಕೈಬಿಟ್ಟಳು.

“ಬಾಯಲ್ಲಿ ನೋವಾ ಅಕ್ಕ?” ಎಂದ ಮಾಮ. ಮಂಚದ ಕಾಲ ಬಳಿ ನಿಂತಿದ್ದ ಹುಡುಗಿಯ ಮುಖ ಕಪ್ಪಿಟ್ಟಿತು.

“ಮಾಮ, ಅವತ್ತು ಟ್ಯಾಬ್ ಇನ್ನೂ ಹತ್ತಿರಲಿಲ್ಲ. ಕಪ್ಪು ಗಾಜು. ಅಜ್ಜಿ ಅದ್ರಲ್ಲಿ ತಮ್ಮ ಮುಖ ನೋಡ್ಕೊಂಡ್ರು. ಇಲ್ಲಿಗೆ ಬಂದ ಮೇಲೆ ಮೊದಲನೇ ಸಲ ನೋಡ್ಕೊಂಡಿರ್ಬೇಕು.”

ಮಾಮ ಹರಿದ ಕಾಗದವನ್ನು ಕೈಗೆತ್ತಿಕೊಂಡ. ಎಷ್ಟು ಬಗೆಯ ಮುಖ ಬರೆದಿದ್ದ! ನಾಚಿಕೆಯದೊಂದನ್ನು ಬರೆದಿರಲಿಲ್ಲ. ಕಾಯಿಲೆ ಬಿದ್ದವರಿಗೆ ನೋವಾಗುತ್ತದೆ, ಭಯವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎದುರು ಮಂಚದಲ್ಲಿ ಪರಗಂಡಸು ನೋಡುತ್ತಿರುವಾಗ, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಬಾಯಿಂದ ಗಂಜಿ ಸೋರಿಸಿಕೊಂಡು, ಅದನ್ನು ಇನ್ನೊಬ್ಬರ ಕೈಯಲ್ಲಿ ಒರೆಸಿಕೊಂಡು ತಿನ್ನಲು ಒಬ್ಬಳಿಗೆ ನಾಚಿಕೆಯಾದೀತು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ತನಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

ಹೊಸ ಕಾಗದ ತೆಗೆದುಕೊಂಡ. ಅದೇ ಹಣೆ, ಅದೇ ಕಣ್ಣು, ಆದರೆ ಕಣ್ಣು ಕೆಳಗೆ ನೋಡುತ್ತಿದೆ. ಬಾಯಿ ಇದ್ದ ಕಡೆ ಒಂದು ಕೈ ಬರೆದ, ಬೆರಳುಗಳೆಲ್ಲ ಒತ್ತಾಗಿ ಸೇರಿ ಬಾಯನ್ನು ಪೂರ್ತಿ ಮುಚ್ಚಿರುವ ಕೈ. ತೋರಿಸಿದ. ಅಕ್ಕನ ಬೆರಳು ಬಂದು ಆ ಚಿತ್ರದ ಮೇಲೆ ಇಳಿಯಿತು, ಅಲ್ಲೇ ನಿಂತಿತು. ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ಇಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಆ ಮುಖ ಆಮೇಲೆ ಹುಡುಗಿಯ ಟ್ಯಾಬಿಗೂ ಹೋಯಿತು, ಅಕ್ಕನದಾಗಿ ಅಲ್ಲ, ಯಾರದೂ ಅಲ್ಲದ ಮುಖವಾಗಿ. ಅದಕ್ಕೆ ಬೆರಳಿಟ್ಟವರು ಆ ವಾರ್ಡಿನಲ್ಲಿ ಬೇಕಾದಷ್ಟು ಜನ ಇದ್ದರು.

ಸಂಜೆಯ ಗಂಜಿ ಬಂದಾಗ ಮಾಮ ಸಿಸ್ಟರ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ.

“ಒಬ್ಬರನ್ನೇ ಬಿಡೋ ಹಾಗಿಲ್ಲ ಮಾಮ. ಕೆಮ್ಮು ಬಂದು ಗಂಟಲಿಗೆ ಸಿಕ್ಕಿಕೊಂಡ್ರೆ?”

“ನಾನು ಒಳಗಿರ್ತೀನಿ. ನೋಡಲ್ಲ, ಅಷ್ಟೇ. ಕಿವಿ ಇದೆಯಲ್ಲ ನನಗೆ.”

ಸಿಸ್ಟರ್ ಯೋಚಿಸಿ, ದಿಂಬು ಕೊಟ್ಟು ಅಕ್ಕನನ್ನು ನೆಟ್ಟಗೆ ಕೂರಿಸಿದಳು. ಬಟ್ಟಲನ್ನು ಎಡಗೈಗೆ ಎಟಕುವಂತೆ ಇಟ್ಟು, ಚಮಚ ಕೊಟ್ಟು, ಮಂಚದ ಸುತ್ತ ಪರದೆ ಎಳೆದಳು. ತಾನು ಹೊರಗೆ ನಿಂತಳು. ಮಾಮ ಸ್ಟೂಲನ್ನು ತಿರುಗಿಸಿ, ಅಕ್ಕನಿಗೆ ಬೆನ್ನು ಹಾಕಿ, ಪರದೆಯ ಬಟ್ಟೆಯನ್ನು ನೋಡುತ್ತಾ ಕೂತ. ಆಯಸ್ಸೆಲ್ಲ ಮುಖ ನೋಡಿಯೇ ಉಂಡವನಿಗೆ ಒಂದು ಮುಖವನ್ನು ನೋಡದೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಹಿಂದೆ ಸದ್ದಿಲ್ಲ. ತಿರುಗಿಬಿಡಲೇ ಅನ್ನಿಸಿತು. ಹಲ್ಲು ಕಚ್ಚಿ ಕೂತ. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು, ಬಡಗಿ ಆಕಳಿಸಿದ.

ಆಮೇಲೆ ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಒಮ್ಮೆ ಸಣ್ಣಗೆ ಕೆಮ್ಮಿದಳು, ಮಾಮ ಅರ್ಧ ಎದ್ದ, ಕೆಮ್ಮು ನಿಂತಿತು, ಮತ್ತೆ ಕೂತ. ಚಮಚ ತಡವರಿಸುತ್ತಿತ್ತು, ಸೋರುತ್ತಿತ್ತು, ಬಟ್ಟೆಯಿಂದ ತಾನೇ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಚಮಚ. ಪ್ರತಿಯೊಂದೂ ಅವನಿಗೆ ಕೇಳಿಸುತ್ತಿತ್ತು. ಮಾಮ ಅಳುತ್ತಿದ್ದ. ಮೂಗು ಎಳೆದರೆ ಅವಳಿಗೆ ಗೊತ್ತಾಗುತ್ತದೆಂದು ಮೂಗನ್ನೂ ಎಳೆಯದೆ, ಬಾಯಿ ತೆರೆದುಕೊಂಡು, ಸಣ್ಣ ಹುಡುಗನ ಹಾಗೆ ಅಳುತ್ತಿದ್ದ.

ಬೆನ್ನಿಗೆ ಏನೋ ತಾಗಿತು. ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ಅವನು ತಿರುಗಲಿಲ್ಲ, ಆ ಹೊತ್ತಿಗೆ ಅವನ ಮುಖವೂ ಯಾರಿಗೂ ತೋರಿಸುವ ಹಾಗಿರಲಿಲ್ಲ. ಕೈಯನ್ನಷ್ಟೇ ಹಿಂದಕ್ಕೆ ಚಾಚಿದ. ಅಂಗೈಗೆ ಖಾಲಿ ಬಟ್ಟಲು ಬಂತು. ಬಟ್ಟಲು ಬಿಟ್ಟ ಅಕ್ಕನ ಕೈ, ಅವನ ಬೆನ್ನಿಗೆ ಮತ್ತೆ ಎರಡು ಸಲ ಕುಟ್ಟಿತು.

ಪರದೆಯಾಚೆಯಿಂದ ಸಿಸ್ಟರ್ ಕೇಳಿದಳು. “ಏನಾಯ್ತು ಮಾಮ? ಬರ್ಲಾ?”

“ಬರ್ಬೇಡಿ ಸಿಸ್ಟರ್” ಎಂದ ಮಾಮ ಖಾಲಿ ಬಟ್ಟಲನ್ನು ಪರದೆಯ ಸಂದಿನಿಂದ ಆಚೆಗೆ ಚಾಚಿ. “ಇನ್ನೊಂದು ಸ್ವಲ್ಪ ಬೇಕಂತೆ.”